ಬರೆಯುವ ಮೊದಲು ಕೈ ಪಳಗಲಿ



ಮಗುವಿಗೆ ಮೂರು ವರ್ಷ ತುಂಬುವುದೇ ತಡ, "ಅ ಆ ಬರೆಯುತ್ತದೆಯೇ?" ಎಂದು ನೆಂಟರಿಷ್ಟರು ಕೇಳತೊಡಗುತ್ತಾರೆ. ಪಕ್ಕದ ಮನೆಯ ಮಗು ಬರೆಯುತ್ತದೆಂದು ತಿಳಿದರಂತೂ ನಮ್ಮ ಮನಸ್ಸು ತಡೆಯದು. ಪೆನ್ಸಿಲು, ಕಾಪಿ ಪುಸ್ತಕ ಮನೆಗೆ ಬರುತ್ತವೆ. ಕೈ ಹಿಡಿದು ತಿದ್ದಿಸುವುದು ಶುರುವಾಗುತ್ತದೆ. ಸಂಜೆಯಾದರೆ ಅಳು, ಗದರಿಕೆ. ಶಾಲೆಯ ಮೆಟ್ಟಿಲು ಹತ್ತುವ ಮುನ್ನವೇ ಮಗುವಿಗೆ ಬರವಣಿಗೆಯೆಂದರೆ ಭಯ ಹುಟ್ಟಿಬಿಡುತ್ತದೆ. ಹಾಗಾಗದಿರಲು ಮಗುವಿನ ಕೈ ಹೇಗೆ ಬೆಳೆಯುತ್ತದೆಂಬುದನ್ನು ನಾವು ಮೊದಲು ಅರಿಯಬೇಕು.

ಕೈ ಬೆಳೆಯುವ ಬಗೆ

ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಮಗು ಹುಟ್ಟುವಾಗ ಅವು ಇನ್ನೂ ಮೆತ್ತನೆಯ ಮೃದ್ವಸ್ಥಿ. ಒಂದೊಂದಾಗಿ ಅವೆಲ್ಲ ಮೂಳೆಯಾಗತೊಡಗಲು ಸುಮಾರು 10-12 ವರ್ಷ ಹಿಡಿಯುತ್ತದೆ. ಬೆರಳುಗಳ ಹಿಡಿತವೂ ಮೆಲ್ಲಮೆಲ್ಲನೆ ಬರುವಂಥದ್ದು. ಸಾಮಾನ್ಯವಾಗಿ 3 ವರ್ಷದ ಮಗು ನೋಡಿಕೊಂಡು ವೃತ್ತ ಬರೆಯುತ್ತದೆ. 4ರ ಹೊತ್ತಿಗೆ ಶಿಲುಬೆಯಾಕಾರದ ಅಡ್ಡ-ಉದ್ದ ಗೆರೆ, 5ರ ಹೊತ್ತಿಗೆ ಚೌಕ, ಆಮೇಲೆ ತ್ರಿಕೋನ. ಕೆಲವು ತಿಂಗಳು ಹಿಂದುಮುಂದಾಗುವುದು ಸಹಜ. ಚೌಕವೇ ಮೂಡದ ಕೈಯಿಂದ 'ಋ' ಬರೆಸಲು ಹೋದರೆ ಆಗುವುದು ದಣಿವು ಮಾತ್ರ.

ಇಟಲಿಯ ವೈದ್ಯೆ ಮರಿಯ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದರು. 1939ರಲ್ಲಿ ಮದರಾಸಿಗೂ ಬಂದು ಶಿಕ್ಷಕರಿಗೆ ತರಬೇತಿ ನೀಡಿದರು. ಅವರ ಪದ್ಧತಿಯಲ್ಲಿ ನೀರು ಸುರಿಯುವುದು, ಗುಂಡಿ ಹಾಕುವುದು, ಮೇಜು ಒರೆಸುವುದು ಇವೆಲ್ಲ ಪಾಠಗಳೇ. ಈ ಪಾಠಗಳಿಗೆ ಬೇಕಾದ ಸಾಮಾನು ನಮ್ಮೆಲ್ಲರ ಮನೆಯಲ್ಲೂ ಇದೆ.

ಮನೆಯಲ್ಲೇ ಮಾಡಿಸಬಹುದಾದವು

1. ಚಪಾತಿ ಮಾಡುವಾಗ ಒಂದು ಉಂಡೆ ಹಿಟ್ಟು ಮಗುವಿಗೂ ಕೊಡಿ. ನಾದಲಿ, ತಟ್ಟಲಿ, ಹಾವು ಹೊಸೆಯಲಿ. ಅಂಗೈಗೆ ಬಲ ಬರುತ್ತದೆ.

2. ಬಟಾಣಿ ಸುಲಿಯಲು, ಸೊಪ್ಪು ಬಿಡಿಸಲು ಜೊತೆಗೆ ಕೂರಿಸಿಕೊಳ್ಳಿ. ಅವರೆಕಾಯಿಯ ಕಾಲದಲ್ಲಿ ನೆನೆಸಿದ ಕಾಳನ್ನು ಹಿದುಕಲು ಕಲಿಸಿ. ಹೆಬ್ಬೆರಳು, ತೋರುಬೆರಳು ಕೂಡಿ ಮಾಡುವ ಈ ಕೆಲಸವೇ ಮುಂದೆ ಪೆನ್ಸಿಲು ಹಿಡಿಯಲು ನೆರವಾಗುವುದು.

3. ಕರವಸ್ತ್ರ ಹಿಂಡುವುದು, ಬಟ್ಟೆಗೆ ಕ್ಲಿಪ್ ಹಾಕುವುದು, ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುವುದು. ತಡವಾದರೂ ಕಾಯಿರಿ.

4. ಹಳೆಯ ಪತ್ರಿಕೆಯನ್ನು ಚೂರುಚೂರಾಗಿ ಹರಿದು, ಮೈದಾ ಅಂಟಿನಿಂದ ಮೀನಿನ ಚಿತ್ರದೊಳಗೆ ಅಂಟಿಸಲಿ.

5. ತಟ್ಟೆಯಲ್ಲಿ ರವೆ ಹರಡಿ ಬೆರಳಿನಿಂದ ಗೆರೆ ಎಳೆಯಲಿ. ಬಳಪ ಕೊಡುವಾಗ ತುಂಡು ಬಳಪ ಕೊಡಿ. ತುಂಡಾಗಿದ್ದರೆ ಮುಷ್ಟಿಯಲ್ಲಿ ಹಿಡಿಯಲಾಗದೆ ಬೆರಳ ತುದಿಯಲ್ಲೇ ಹಿಡಿಯುತ್ತದೆ.

6. ಕ್ರಿಸ್ಮಸ್ ಕುಸ್ವಾರಿಗೆ ಕಿಡಿಯೊ ಮಾಡುವಾಗ ಹಿಟ್ಟಿನ ಗೋಲಿಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿಸುವ ಕೆಲಸ ಮಗುವಿನದಾಗಲಿ. ಕರಿಯುವ ಒಲೆಯ ಹತ್ತಿರ ಮಾತ್ರ ಬಿಡಬೇಡಿ.

ಎಚ್ಚರವಿರಲಿ

ಕಾಳು, ಮಣಿ, ಗುಂಡಿಗಳು ಮಗುವಿನ ಗಂಟಲಿಗೋ ಮೂಗಿಗೋ ಹೋಗದಂತೆ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ಕೆಲಸ ಮುಗಿದೊಡನೆ ಎಲ್ಲವನ್ನೂ ಎತ್ತಿಡಿ.

ಎಡಗೈ ಬಳಸುವ ಮಗುವನ್ನು ಗದರಿಸಿ ಬಲಗೈಗೆ ತಿರುಗಿಸಬೇಡಿ. ಅದು ಕೆಟ್ಟ ಚಾಳಿಯಲ್ಲ, ಆ ಮಗು ಬೆಳೆಯುವ ರೀತಿಯೇ ಹಾಗೆ. ಆದರೆ ಮೊದಲು ಮಾಡುತ್ತಿದ್ದ ಕೆಲಸ ಈಗ ಆಗುತ್ತಿಲ್ಲವೆಂದರೆ, ಒಂದು ಕೈಯನ್ನು ಬಳಸುವುದೇ ಇಲ್ಲವೆಂದರೆ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ಅಳು ನಿಲ್ಲಿಸಲು ಮೊಬೈಲು ಕೊಡುವುದು ಸುಲಭ. ಆದರೆ ಗಾಜಿನ ಮೇಲೆ ಬೆರಳು ಜಾರಿಸಿದರೆ ಬೆರಳಿಗೆ ಬಲ ಬಾರದು. 2ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ತಿಳಿಸಿದೆ.

ಈ ವಾರದ ಅಭ್ಯಾಸ

ಮೇಲಿನವುಗಳಲ್ಲಿ ಒಂದನ್ನು ಆರಿಸಿಕೊಂಡು ದಿನಕ್ಕೆ ಹತ್ತೇ ನಿಮಿಷ ಮಗುವಿನೊಡನೆ ಕುಳಿತು ಮಾಡಿ. ಸಾಕೆಂದು ಮಗು ಎದ್ದರೆ ಬಿಟ್ಟುಬಿಡಿ. ಅದು ಸುಲಿದ ಬಟಾಣಿಯನ್ನು ಬೇರೆಯಾಗಿ ಎತ್ತಿಟ್ಟು, ಅಂದಿನ ಪಲ್ಯಕ್ಕೆ ಹಾಕಿ, ಊಟಕ್ಕೆ ಕುಳಿತಾಗ ಅಜ್ಜ ಅಜ್ಜಿಯರ ಮುಂದೆ, "ಇದು ನಮ್ಮ ಪುಟ್ಟಿ ಸುಲಿದದ್ದು" ಎಂದು ಹೇಳಿ. ಮರುದಿನ ಬುಟ್ಟಿ ಹಿಡಿದುಕೊಂಡು ಮಗುವೇ ನಿಮ್ಮ ಬಳಿ ಬಂದೀತು.