ಮೊದಲು ಉದ್ರಿ ಪುಸ್ತಕ ಬಿಡಿಸಿ ನೋಡಿ

ಬಿಳಿಕೆರೆಯಲ್ಲಿ ಅಂಗಡಿ ಇಟ್ಟವರಿಗೆ ಒಂದು ಮಾತು. ಲೆಕ್ಕದ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ನಿಮ್ಮ ಉದ್ರಿ ಪುಸ್ತಕ ಬಿಡಿಸಿ ನೋಡಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಗೊಬ್ಬರ, ದಿನಸಿ ಒಯ್ದ ಎಷ್ಟೋ ರೈತರು ಬಾಕಿ ತೀರಿಸುವುದು ಹೊಗೆಸೊಪ್ಪು ಹರಾಜಾದ ಮೇಲೆ. ನಡುವೆ ಐನೂರು, ಸಾವಿರ ಎಂದು ಬಿಡಿಬಿಡಿಯಾಗಿ ಕೊಡುತ್ತಾರೆ. ಅರ್ಧ ನಗದು, ಅರ್ಧ ಫೋನ್‌ಪೇ. ಒಂದೇ ಊರಲ್ಲಿ ಮೂವರು ಮಹದೇವರಿದ್ದರೆ ಒಬ್ಬರ ದುಡ್ಡು ಇನ್ನೊಬ್ಬರ ಖಾತೆಗೆ ಜಮೆಯಾಗುತ್ತದೆ, ಅಲ್ಲಿಂದ ಮನಸ್ತಾಪ. ಹಾಗಾಗಿ ಊರು, ತಂದೆಯ ಹೆಸರು, ಫೋನ್ ನಂಬರ್ ಸೇರಿಸಿ ಖಾತೆ ತೆರೆಯಲು ಬರುತ್ತದೆಯೇ, ಬಾಕಿ ಚೀಟಿ ಕನ್ನಡದಲ್ಲಿ ಬರುತ್ತದೆಯೇ ಎಂದು ಮೊದಲು ಕೇಳಿ.

ಟ್ಯಾಲಿ, ವ್ಯಾಪಾರ್ ಸಾಫ್ಟ್‌ವೇರ್‌ಗಳೆರಡೂ ಬೆಂಗಳೂರಿನ ಕಂಪನಿಗಳದ್ದೇ. ನಿಮ್ಮ ಲೆಕ್ಕ ನೋಡುವವರು ಯಾವುದು ಬಲ್ಲರೋ ಅದಕ್ಕೇ ನನ್ನ ಒಲವು. ಸರಕು ಮಾತ್ರ ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಅಂಥವರು ದುಬಾರಿ ಪ್ಯಾಕೇಜಿಗೆ ಸಾಲ ಮಾಡಬೇಡಿ. ರಾಜಿ ತೆರಿಗೆ (ಕಂಪೋಸಿಷನ್) ಪದ್ಧತಿಯಲ್ಲಿರುವವರು ತೆರಿಗೆ ಕಾಣಿಸದ ‘ಬಿಲ್ ಆಫ್ ಸಪ್ಲೈ’ ಸಾಫ್ಟ್‌ವೇರ್‌ನಲ್ಲಿ ಬರುತ್ತದೆಯೇ ನೋಡಿಕೊಳ್ಳಿ.

ಇನ್ನೊಂದು. ವರ್ಷದ ಚಂದಾ ಮುಗಿದರೂ ಹಳೆಯ ಲೆಕ್ಕ ತೆರೆಯಬೇಕು, ಎಕ್ಸೆಲ್‌ಗೆ ಇಳಿಯಬೇಕು. ಜಿಎಸ್‌ಟಿ ನೋಂದಾಯಿತರು ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಲೇಬೇಕು.

ಮಾರಲು ಬಂದವರನ್ನು ಗಲ್ಲಾಪೆಟ್ಟಿಗೆ ಪಕ್ಕ ಕೂರಿಸಿಕೊಂಡು ನಿನ್ನೆಯ ಇಡೀ ವ್ಯಾಪಾರವನ್ನು ನೀವೇ ಬರೆದು ನೋಡಿ. ಕರೆಂಟ್ ಹೋದಾಗಲೂ ಒಂದು ಬಿಲ್ ಹಾಕಿಸಿ.