ಮದುವೆಯ ಕರೆ: ಒಂದು ವಿವೇಚನೆ

ಮದುವೆಗೆ ಯಾರನ್ನು ಕರೆಯಬೇಕೆಂಬುದು ಯಜಮಾನನ ಇಚ್ಛೆಗೆ ಸೇರಿದ್ದೆಂದು ಅನೇಕರ ಅಭಿಪ್ರಾಯ. ವಿಜಯಪುರದ ಸುತ್ತಲಿನ ನಮ್ಮ ಊರುಗಳಲ್ಲಿ ಅದನ್ನು ನಿರ್ಣಯಿಸುವುದು ಬಹುಮಟ್ಟಿಗೆ ಮುಯ್ಯಿಯ ವಹಿ. ಸೀರೆ, ಕುಪ್ಪಸದ ಕಣ, ರೂಪಾಯಿ ಯಾರು ಎಷ್ಟು ಮಾಡಿದರೆಂದು ಹಂದರದಲ್ಲಿಯೇ ಒಬ್ಬರು ಕುಳಿತು ಬರೆದುಕೊಳ್ಳುತ್ತಾರೆ. ಅವರ ಮನೆಯ ಕಾರ್ಯದಲ್ಲಿ ಅದನ್ನು ತಿರುಗಿ ಮುಟ್ಟಿಸತಕ್ಕದ್ದು. ಬಡವನಿಗೆ ಇದು ಬಡ್ಡಿಯಿಲ್ಲದ ಕೈಗಡವೇ ಸರಿ. ನಮ್ಮಿಂದ ಮುಯ್ಯಿ ಪಡೆದವರನ್ನು ಕರೆಯದೆ ಬಿಟ್ಟರೆ ತೀರಿಸುವ ಅವಕಾಶವನ್ನೇ ತಪ್ಪಿಸಿದಂತೆ. ಸಂಬಂಧ ಹರಿಯಿತೆಂದೇ ಅರ್ಥ.

ನನ್ನ ತಂದೆಗೆ ಓದು ಬಾರದು. ತಿಕೋಟಾದ ನಮ್ಮ ಮನೆಯಲ್ಲಿ ಅಕ್ಕನ ಮದುವೆ ಗೊತ್ತಾದಾಗ ವಹಿಯನ್ನು ನಾನೇ ಓದಿ ಹೇಳಿದೆನು. ಬಬಲೇಶ್ವರದ ನೆಂಟರ ಹೆಸರುಗಳು ಸುಲಭವಾಗಿ ಸಾಗಿದವು. ತೊಡಕಾದುದು ದ್ರಾಕ್ಷಿ ತೋಟದಲ್ಲಿ ತಾಯಿಯೊಡನೆ ಕೂಲಿ ಮಾಡುವ ಹೆಂಗಸರ ವಿಷಯ. ಬರೆಯಿಸುವಂಥ ಮುಯ್ಯಿಯನ್ನು ಅವರೆಂದೂ ಮಾಡಿಲ್ಲ. ನಮ್ಮ ಪ್ರತಿಯೊಂದು ಕಾರ್ಯಕ್ಕೂ ಬುಟ್ಟಿಗಟ್ಟಲೆ ರೊಟ್ಟಿ ಬಡಿದು ಕೊಟ್ಟಿದ್ದಾರೆ. ವಹಿಯಲ್ಲಿ ರೊಟ್ಟಿಗೆ ಜಾಗವಿಲ್ಲ!

2020ರ ಮೇ ತಿಂಗಳಲ್ಲಿ ಕೊರೊನಾ ನಿಮಿತ್ತ ಸರಕಾರವು ಮದುವೆಗೆ 50 ಮಂದಿಯ ಮಿತಿ ಹಾಕಿತ್ತು. ಆಗ ಬಿಟ್ಟುಹೋದವರು ಮುನಿಯಲಿಲ್ಲ, ನೆವ ಸರಕಾರದ್ದಾಗಿತ್ತು. ಈಗ ಆ ನೆವವಿಲ್ಲ. ಬಿಟ್ಟರೆ ನಾವೇ ಬಿಟ್ಟಂತೆ.

ಇನ್ನು ಕರೆಯುವ ರೀತಿ. ಮೊಬೈಲಿನಲ್ಲಿ ಬಂದ ಲಗ್ನಪತ್ರಿಕೆಯನ್ನು ಹಿರಿಯರು ಕರೆಯೆಂದು ಎಣಿಸುವುದಿಲ್ಲ. ಬಾಗಿಲಿಗೆ ಬಂದು, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆದರೇ ಕರೆ. ಕೂಲಿಯವರಿಗೆ ಬಾಯಿಮಾತು ಸಾಕೆಂದು ತಂದೆ ಅಂದರು. ತಾಯಿ ವಾದಿಸಲಿಲ್ಲ. ಮರುದಿನ ಕುಂಕುಮದ ಬಟ್ಟಲು ಹಿಡಿದು ಆ 14 ಮನೆಗಳಿಗೇ ಮೊದಲು ಹೋದಳು. ವಹಿಯವರ ಸರದಿ ಸಂಜೆಗೆ ಬಂದಿತು.