ದೊಡ್ಡ ತೊಟ್ಟಿ ಕೊಳ್ಳುವ ಮುನ್ನ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಕೆಲವೇ ದಿನಗಳಲ್ಲಿ ಅದು ಚಿಕ್ಕದೆನಿಸತೊಡಗುತ್ತದೆ. ಬದಲಾಯಿಸಿ, ತಪ್ಪಿಲ್ಲ. ನೀರು ಹೆಚ್ಚಿದ್ದಷ್ಟೂ ಉಪ್ಪಿನಂಶ, ಉಷ್ಣತೆ ದಿಢೀರನೆ ಏರುಪೇರಾಗುವುದಿಲ್ಲ. ಆದರೆ ಅಂಗಡಿಗೆ ಹೋಗುವ ಮೊದಲು ಒಂದಿಷ್ಟು ಲೆಕ್ಕ ಹಾಕಿ.

ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಸುಮಾರು 450 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 35 ಗ್ರಾಂನಂತೆ ಮೊದಲ ಸಲಕ್ಕೇ 16 ಕಿಲೋದಷ್ಟು ಮರೈನ್ ಸಾಲ್ಟ್ ಬೇಕು. ಪ್ರತಿ ಬಾರಿ ಶೇ. 10ರಷ್ಟು ನೀರು ಬದಲಿಸಿದರೂ 45 ಲೀಟರ್ ಹೊರಬೇಕು. ನಿಮ್ಮ ಸೊಂಟವನ್ನೂ ಒಂದು ಮಾತು ಕೇಳಿಕೊಳ್ಳಿ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಎಲ್ಲ ಸೇರಿದರೆ ಭಾರ 600 ಕಿಲೋ ಮುಟ್ಟಬಹುದು. ಮೇಲಿನ ಮಹಡಿಯವರು ಎಲ್ಲಿಡಬೇಕೆಂದು ಎಂಜಿನಿಯರ್ ಒಬ್ಬರನ್ನು ಕೇಳದೆ ಮುಂಗಡ ಕೊಡಬೇಡಿ.

ಅಳತೆ ನಿರ್ಧರಿಸಬೇಕಾದದ್ದು ಗೋಡೆಯ ಖಾಲಿ ಜಾಗವಲ್ಲ, ಮೀನು. ಜೋಡಿ ಕ್ಲೌನ್ ಮೀನುಗಳಿಗೆ ನೂರು ಲೀಟರ್ ಧಾರಾಳ. ಕೊಳ್ಳುವಾಗ ಅಂಗೈಯಗಲವೂ ಇರದ ನೀಲಿ ಟ್ಯಾಂಗ್ ಮಾತ್ರ ಬೆಳೆದರೆ ಒಂದಡಿ. ಸದಾ ಓಡಾಡುವ ಅದಕ್ಕೆ ಆರಡಿ ಉದ್ದವಾದರೂ ಬೇಕು. ಎತ್ತರದ ತೊಟ್ಟಿ ನೋಡಲು ಚೆಂದ, ಆದರೆ ಈಜಲು ಉದ್ದವೇ ಮುಖ್ಯ. ಕೈ ತಳ ಮುಟ್ಟದಿದ್ದರೆ ತೊಳೆಯುವುದೂ ಕಷ್ಟ.

ಬೇಸಿಗೆಯ ಚಿಲ್ಲರ್, ಕರೆಂಟ್ ಹೋದಾಗ ಪಂಪಿಗೆ ಇನ್ವರ್ಟರ್, ಇವನ್ನೂ ತೊಟ್ಟಿಯ ಬೆಲೆಗೇ ಸೇರಿಸಿಕೊಳ್ಳಿ. ಹಾಂ, ಬಾಗಿಲಿನ ಅಗಲವನ್ನೂ ಟೇಪ್ ಹಿಡಿದು ಅಳೆಯಿರಿ.